ನಡುಗದ ಕೈ

"ಕೈ ಒಂಚೂರೂ ನಡುಗ್ಲಿಲ್ವಲ್ಲ ಸಿಸ್ಟರ್! ಮಗು ಕಾಲು ಅನ್ನೋದೇ ಮರ್ತೋಯ್ತಾ?"

ಶಿರಾದ ತರಬೇತಿ ಕೊಠಡಿಯಲ್ಲಿ ಎಲ್ಲರೂ ನಕ್ಕರು. ಬರಗೂರು ಆಸ್ಪತ್ರೆಯ ನರ್ಸ್ ಯಶೋಧರಾ ನಗಲಿಲ್ಲ.

ಅವಳ ಮುಂದಿದ್ದದ್ದು ಮಗುವಿನ ಕಾಲಿನಂಥದ್ದೇ ಪ್ಲಾಸ್ಟಿಕ್ ಮಾದರಿ. ಮಂಡಿಯ ಕೆಳಗೆ ಅವಳು ತಿರುಗಿಸುತ್ತಾ ಒತ್ತಿದ ಸೂಜಿ ಮೊದಲ ಸಲಕ್ಕೇ ಮೂಳೆಯಲ್ಲಿ ನೆಟ್ಟಗೆ ನಿಂತಿತ್ತು. ರಕ್ತನಾಳ ಸಿಗದ ಮಕ್ಕಳಿಗೆ ಮೂಳೆಯ ಮೂಲಕವೇ ಔಷಧಿ ಕೊಡುವ ವಿದ್ಯೆ ಅದು.

ಕೈ ನಡುಗಲಿಲ್ಲವೆಂದು ಅಣಕಿಸಿದವನು ತರಬೇತಿ ಕೊಡಲು ಬಂದಿದ್ದ ಪಾವಗಡದ ನರ್ಸ್ ಭೀಮರಾಜು.

'ಕಲ್ಲು ಮನಸ್ಸಿನವಳು...' ವಿಚ್ಛೇದನ ಪಡೆದು ಹೋದ ಗಂಡನೂ ಅದನ್ನೇ ಹೇಳಿದ್ದ. ಇವನಿಗೂ ಹಾಗೇ ಕಂಡೆನೇ?

ತರಬೇತಿ ಮುಗಿದದ್ದೇ ಬರಗೂರಿನ ಬಸ್ಸು ಹತ್ತಿದಳು. ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಅವಳೊಬ್ಬಳೇ. ಬೆಳಿಗ್ಗೆಯ ಸಾರೇ ರಾತ್ರಿಗೂ. ಬಾಗಿಲು ತಟ್ಟುವವರೆಲ್ಲ ರೋಗಿಗಳೇ... ತರಬೇತಿಯಲ್ಲಿ ಎಲ್ಲರೊಡನೆ ನಂಬರ್ ಬದಲಾಯಿಸಿಕೊಂಡಿದ್ದ ಭೀಮರಾಜು ಮೂರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ.

ತಿಂಗಳು ಕಳೆದಿತ್ತು. ಒಂದು ಮಧ್ಯಾಹ್ನ ಊರಿನ ಅಜ್ಜಿ ದೊಡ್ಡಕ್ಕ ಮೊಮ್ಮಗಳನ್ನು ಎತ್ತಿಕೊಂಡು ಓಡಿಬಂದಳು.

"ವಾಂತಿ ಭೇದಿ ಕಣಮ್ಮ... ಕಣ್ಣೇ ಬುಡ್ತಿಲ್ಲ!"

ಎಷ್ಟು ಹುಡುಕಿದರೂ ರಕ್ತನಾಳ ಸಿಗಲಿಲ್ಲ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. "ಮೂಳೆಗೇ ಹಾಕು, ತಡ ಮಾಡ್ಬೇಡ," ಎಂದರು ಫೋನಿನಲ್ಲಿ.

ಹಾಕಿದಳು. ಡ್ರಿಪ್ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಮಗು ಸಣ್ಣಗೆ ಅತ್ತಿತು!

ಆಂಬುಲೆನ್ಸ್ ಶಿರಾಕ್ಕೆ ಹೊರಟ ಮೇಲೆ, ಖಾಲಿ ಕೊಠಡಿಯಲ್ಲಿ ಯಶೋಧರಾ ಬಿಕ್ಕಿಬಿಕ್ಕಿ ಅತ್ತಳು. ಯಾರಿಗೆ ಹೇಳಲಿ? ಬೆರಳು ತಾನಾಗಿ ಆ ಸೂಜಿ ಕಲಿಸಿದ ಭೀಮರಾಜುವಿನ ನಂಬರ್ ಒತ್ತಿತು.

"ಮಗು ಉಸ್ರಾಡ್ತಿದೆ..." ಅಷ್ಟೇ ಹೇಳಲಾಯಿತು.

ಸಂಜೆ ಬಸ್ಸಿಗೆ ಭೀಮರಾಜು ಬಂದೇಬಿಟ್ಟ. ಆಸ್ಪತ್ರೆಯ ಜಗುಲಿಯ ಬೆಂಚಿನಲ್ಲಿ ಅವಳು ಕೂತಿದ್ದಳು.

"ಅವತ್ತು ಹೊಟ್ಟೆಕಿಚ್ಚಿಗೆ ಅಂಗಂದ್ಬುಟ್ಟೆ. ಹಿಂದೆ ವಾರ್ಡಲ್ಲಿ ಒಂದು ಮಗೂಗೆ ಈ ಸೂಜಿ ಹಾಕೋವಾಗ ನನ್ ಕೈ ನಡುಗ್ತು. ಡಾಕ್ಟ್ರು ಸೂಜಿ ಕಿತ್ಕೊಂಡ್ರು... ಆಮೇಲೆ ನಾನು ವಾರ್ಡಿಗೇ ಹೋಗಿಲ್ಲ. ಮಧುಗಿರಿ, ಕೊರಟಗೆರೆ ಅಂತ ಆ ಬೊಂಬೆ ಕಾಲು ಹೊತ್ಕೊಂಡು ಒಬ್ನೇ ತಿರುಗ್ತೀನಿ."

ಅವನೂ ತನ್ನಂತೆಯೇ ಒಂಟಿ! ಅವಳ ಸಿಟ್ಟು ಕರಗಿಹೋಯಿತು.

"ಫೋನಲ್ಲೇ ಹೇಳ್ಬೋದಿತ್ತಲ್ಲ?"

"ನೀವು ಎತ್ಬೇಕಲ್ಲ!"

ಅತ್ತು ಊದಿದ ಕಣ್ಣಲ್ಲೇ ಅವಳು ನಕ್ಕಳು. ಅವನು ತಲೆ ತಗ್ಗಿಸಿದ.

"ಯಶೋಧರಾ... ನಂಗೆ ನೀವು ಬೇಕು. ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಹೇಳಾಯ್ತಲ್ಲ."

ಅವಳು ಸರಿದು ಬೆಂಚಿನಲ್ಲಿ ಜಾಗ ಮಾಡಿದಳು.

"ಎಷ್ಟೊತ್ತು ನಿಂತಿರ್ತೀರಾ? ಕೂತ್ಕೊಳ್ಳಿ..."