ಚೂರಿಯ ಜಾಗದಲ್ಲಿ ಕೆತ್ತಿದ್ದು

ಎಮಿಲಿಯಾ ನಮ್ಮ ಫ್ಲ್ಯಾಟಿನ ಬಾಗಿಲು ಬಡಿದಾಗ ಅವಳ ತೋಳಿನ ಮೇಲೆ ಅಪ್ಪನ ರಕ್ತ ಒಣಗಿತ್ತು.

"ಬಾಯಮ್ಮಾ, ಅಪ್ಪ ಹೋದ್ರು. ಸ್ಟೀಫನ್ನನನ್ನು ಪೊಲೀಸರು ಕರ್ಕೊಂಡು ಹೋದ್ರು. ನನ್ನ ಗಂಡನೇ ಕೊಂದದ್ದಂತೆ."

1998ರ ಮಾರ್ಚಿನ ಒಂದು ಶುಕ್ರವಾರ ಅದು. ನಾನು ಸಕೀನ, ಉಳ್ಳಾಲದವಳು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಎಲ್ಲರೂ ಬಾಯಮ್ಮ ಎಂದು ಕರೆಯುವ ಮಗ್ದಲೀನ್ ಅವರ ಜೊತೆ ಇದ್ದೆ. ಒಂದೇ ಆಸ್ಪತ್ರೆಯಲ್ಲಿ ಅವರು ತುರ್ತು ವಿಭಾಗದ ಹಿರಿಯ ನರ್ಸ್, ನಾನು ಲ್ಯಾಬಿನವಳು. ಗಾಯ ನೋಡಿ ಸತ್ಯ ಹೇಳುವ ಅವರ ಮಾತಿಗೆ ಪೊಲೀಸ್ ಲೆಫ್ಟಿನೆಂಟ್ ಕೂಡ ಬೆಲೆ ಕೊಡುತ್ತಿದ್ದ.

ಎಮಿಲಿಯಾಳ ತಂದೆ ಪಾಯ್ಸ್ ಕಾರ್ಕಳದ ಶಿಲ್ಪಿ. ಮುಸಫ್ಫಾದ ಕಲ್ಲಿನ ವರ್ಕ್‌ಶಾಪಿನಲ್ಲಿ ಕೆತ್ತುತ್ತಿದ್ದರು. ಅಳಿಯ ಸ್ಟೀಫನ್ ಅಲ್ಲೇ ಕಲ್ಲೆತ್ತುವ ಚೈನ್ ನಡೆಸುತ್ತಿದ್ದ. ಬೆಳಿಗ್ಗೆ ವಾಚ್‌ಮನ್ ಬಾಗಿಲು ತೆರೆದಾಗ ಪಾಯ್ಸ್ ಆರಡಿಯ ಕಲ್ಲಿನ ಶಿಲುಬೆಯಡಿ ಜಜ್ಜಿಹೋಗಿದ್ದರು. ನಿಂತ ಶಿಲುಬೆಯನ್ನು ಚೈನಿಗೆ ಬಿಗಿದಿದ್ದ ಬೆಲ್ಟನ್ನು ಯಾರೋ ಕತ್ತರಿಸಿದ್ದರು. ಹಿಂದಿನ ಸಂಜೆ ಐದಕ್ಕೆ ಮಾವ-ಅಳಿಯ ಜಗಳವಾಡಿದ್ದನ್ನು ಪಕ್ಕದ ಗ್ಯಾರೇಜಿನವರು ಕೇಳಿದ್ದರು.

ಶವಾಗಾರದಲ್ಲಿ ಬಾಯಮ್ಮ ಪಾಯ್ಸರ ತಲೆಯನ್ನು ಮೆಲ್ಲಗೆ ತಿರುಗಿಸಿದರು. ಹಿಂಭಾಗದಲ್ಲಿ ದುಂಡಗಿನ ತೂತು. ರಕ್ತ ಮೆತ್ತಿದ ಕೂದಲ ಮೇಲೆ ಬಿಳಿ ಕಲ್ಲಿನ ಪುಡಿ.

"ಪಕ್ಕೆಲುಬೆಲ್ಲ ಮುರಿದಿದೆ, ಆದರೆ ಚರ್ಮದಡಿ ರಕ್ತ ಕಟ್ಟಲೇ ಇಲ್ಲ, ನೋಡು" ಎಂದರು.

ಶನಿವಾರ ವರ್ಕ್‌ಶಾಪಿಗೆ ಹೋದೆವು. ಶಿಲುಬೆ ಮಾಡಿಸುತ್ತಿದ್ದ ಜರ್ಮನ್ ಎಂಜಿನಿಯರ್ ವೆರ್ನರ್ ಒಂದು ಫೋಟೋ ತೋರಿಸಿದ. ಅವನ ಹಳ್ಳಿಯ ಹೊಲದ ದಾರಿಯಲ್ಲಿ ಆರುನೂರು ವರ್ಷದಿಂದ ನಿಂತಿದ್ದ ಕಲ್ಲಿನ ಶಿಲುಬೆ. ಟ್ರ್ಯಾಕ್ಟರ್ ಗುದ್ದಿ ಒಡೆದ ಮೇಲೆ ಅಂಥದೇ ಇನ್ನೊಂದನ್ನು ಇಲ್ಲಿ ಕೆತ್ತಿಸಿ ಕಳಿಸಲಿದ್ದ.

"ಆ ಕಾಲದಲ್ಲಿ ಕೊಲೆ ಮಾಡಿದವನು ರಕ್ತ ಬಿದ್ದ ಜಾಗದಲ್ಲಿ ಇಂಥದ್ದನ್ನು ನಿಲ್ಲಿಸಬೇಕಿತ್ತು. ಕೊಂದ ಆಯುಧವನ್ನೂ ಕೆತ್ತುತ್ತಿದ್ದರು. ದಾರಿಹೋಕರು ಸತ್ತವನಿಗಾಗಿ ಪ್ರಾರ್ಥಿಸಲಿ ಅಂತ" ಎಂದು ಕೆಲಸಗಾರರಿಂದ ಕಲಿತ ಹಿಂದಿಯಲ್ಲಿ ವಿವರಿಸಿದ. ಫೋಟೋದ ಶಿಲುಬೆಯಲ್ಲಿ ಚೂರಿಯಿತ್ತು. "ಗುರುವಾರ ಮೂರಕ್ಕೆ ನಾನು ಬಂದಾಗ ಚೂರಿಯ ಜಾಗ ಇನ್ನೂ ಖಾಲಿಯಿತ್ತು."

ಈಗ ಆ ಜಾಗದಲ್ಲಿ ಬರೀ ಉಳಿಯ ಗಾಯಗಳು. ಯಾರೋ ಅವಸರದಲ್ಲಿ ಕೆತ್ತಿ ಹಾಳುಮಾಡಿದ್ದರು.

ಮ್ಯಾನೇಜರ್ ಸರ್ವೋತ್ತಮ ತಲೆ ಚಚ್ಚಿಕೊಂಡ. "ನಾನು ಗುರುವಾರ ಎರಡಕ್ಕೇ ದುಬೈಗೆ ಹೋದವ, ಪೊಲೀಸರು ಕರೆದ ಮೇಲೆ ಬಂದದ್ದು. ಸಾಹೇಬರು ಕೇಳಿದ್ದು ಚೂರಿ, ಮುದುಕ ಇನ್ನೆಂತದೋ ಕೆತ್ತಿಟ್ಟ. ಇದನ್ನಿನ್ನು ಕಳಿಸುದು ಹೇಗೆ?"

ಬಾಯಮ್ಮ ಆ ಉಳಿಯ ಗಾಯಗಳ ಮೇಲೆ ಬೆರಳಾಡಿಸಿದರು. ನೇರ ಠಾಣೆಗೆ ಹೋಗಿ ಸ್ಟೀಫನ್ನನನ್ನು ಕಂಡರು. ಅವನ ತುಟಿ ಒಡೆದಿತ್ತು.

"ನಾಳೆ ಪೊಲೀಸರ ಹತ್ತಿರ ಹೋಗ್ತೇನೆ ಅಂದ್ರು ಮಾವ. ಯಾಕೆ ಅಂತ ಹೇಳ್ಲಿಲ್ಲ. ವೀಸಾ ಹೋಗ್ತದೆ ಅಂತ ನಾನು ಬೈದೆ. ಆಗ ಅವರು ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೀತಾ ಇದ್ದ್ರು, ಉಳಿ ಮುಟ್ಟಿರಲಿಲ್ಲ."

ಎಮಿಲಿಯಾಳ ಮನೆಯಲ್ಲಿ ಪಾಯ್ಸರ ಚಿತ್ರದ ಪುಸ್ತಕ ಸಿಕ್ಕಿತು. ಪುಟಪುಟದಲ್ಲೂ ಒಂದೇ ಚಿತ್ರ: ಪೈಪ್ ಬಿಗಿಯುವ ದೊಡ್ಡ ರೆಂಚ್. ಕೆಳಗೆ "ಆಶ್ಲೆ, 1996".

"ಆಶ್ಲೆ ಅಲ್ಲೇ ಕೆಲಸಕ್ಕಿದ್ದವ. ನೀರಿನ ಟ್ಯಾಂಕಿನಿಂದ ಬಿದ್ದು ಸತ್ತದ್ದಲ್ವಾ?" ಎಂದಳು ಎಮಿಲಿಯಾ.

ಅದೇ ಮಧ್ಯಾಹ್ನ ಬಾಯಮ್ಮನ ಕೋರಿಕೆಯಂತೆ ಲೆಫ್ಟಿನೆಂಟ್ ಎಲ್ಲರನ್ನೂ ಶಿಲುಬೆಯ ಸುತ್ತ ಸೇರಿಸಿದ. ಸ್ಟೀಫನ್ನನ ಕೈಗೆ ಬೇಡಿಯಿತ್ತು.

"ಶಿಲುಬೆ ಬೀಳುವ ಮೊದಲೇ ಪಾಯ್ಸ್ ಸತ್ತಿದ್ದರು" ಎಂದರು ಬಾಯಮ್ಮ. "ಬದುಕಿದ್ದವರ ಎಲುಬು ಮುರಿದರೆ ಒಳಗೆ ರಕ್ತ ಕಟ್ಟುತ್ತದೆ. ಕೊಂದದ್ದು ಸುತ್ತಿಗೆಯ ಒಂದೇ ಏಟು, ಹಿಂದಿನಿಂದ. ಕೊಲೆಗಾರ ಆಮೇಲೆ ಪಾಯ್ಸ್ ಶಿಲುಬೆಯಲ್ಲಿ ಕೆತ್ತಿದ್ದ ಚಿತ್ರವನ್ನು ಉಳಿಯಿಂದ ಅಳಿಸಿದ. ಅದರ ಪುಡಿ ಹಸಿ ರಕ್ತಕ್ಕೆ ಮೆತ್ತಿತು. ಕೊನೆಗೆ ಬೆಲ್ಟ್ ಕತ್ತರಿಸಿದ. ಹೆಣ ಬಿದ್ದಿರುವಾಗ ನಿಂತು ಚಿತ್ರ ಅಳಿಸಬೇಕಾದರೆ, ಆ ಚಿತ್ರ ಅವನನ್ನೇ ತೋರಿಸುತ್ತಿತ್ತು."

ಅವರು ಪುಸ್ತಕ ಬಿಡಿಸಿ ರೆಂಚಿನ ಚಿತ್ರ ತೋರಿಸಿದರು. ಸರ್ವೋತ್ತಮ ಮೇಜಿನ ಕಡೆಗೆ ಒಂದು ಹೆಜ್ಜೆ ಸರಿದ.

"ಮೂರಕ್ಕೆ ಕಲ್ಲು ಖಾಲಿ. ಐದಕ್ಕೆ ಬರೀ ಪೆನ್ಸಿಲ್ ಗೆರೆ. ಪೊಲೀಸರು ಬರುವಾಗ ಚಿತ್ರವೇ ಇಲ್ಲ. ಪಾಯ್ಸ್ ಕೆತ್ತಿದ್ದು ಚೂರಿಯಲ್ಲ ಅಂತ ಎರಡಕ್ಕೇ ದುಬೈಗೆ ಹೋದವರಿಗೆ ಹೇಗೆ ಗೊತ್ತಾಯ್ತು, ಸರ್ವೋತ್ತಮರೇ? ಆ ರಾತ್ರಿ ನೀವು ಇಲ್ಲಿಗೆ ವಾಪಸ್ ಬಂದು ರೆಂಚಿನ ಚಿತ್ರ ಕಂಡಿರಿ. ಆಶ್ಲೆ ಟ್ಯಾಂಕಿನಿಂದ ಬೀಳಲಿಲ್ಲ. ನೀವು ರೆಂಚಿನಿಂದ ಹೊಡೆದದ್ದನ್ನು ಪಾಯ್ಸ್ ನೋಡಿದ್ದರು. ಈ ಶಿಲುಬೆಯ ಅರ್ಥ ಕೇಳಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ."

ಮೇಜಿನ ಮೇಲಿದ್ದ ಸುತ್ತಿಗೆಯನ್ನು ಸರ್ವೋತ್ತಮ ಯಾವಾಗ ಎತ್ತಿದನೋ ನಾನು ಕಾಣಲಿಲ್ಲ. ಬಾಯಮ್ಮ ಅಡ್ಡ ಹಿಡಿದ ಎಡಗೈಯ ಎಲುಬು ಲಟ್ಟೆಂದಿತು. ಎರಡನೆಯ ಏಟಿಗೆ ಅವನು ಕೈ ಎತ್ತಿದಾಗ ನಾನು ನೆಲದ ಕಲ್ಲಿನ ಪುಡಿಯನ್ನು ಬಾಚಿ ಅವನ ಕಣ್ಣಿಗೆ ಎರಚಿದೆ. ಸ್ಟೀಫನ್ ಬೇಡಿ ಹಾಕಿದ ಎರಡೂ ಮುಷ್ಟಿಯಿಂದ ಅವನ ಮುಖಕ್ಕೆ ಗುದ್ದಿದ. ಬಿದ್ದ ಮೇಲೂ ಗುದ್ದಿದ. "ಖಲಾಸ್! ಖಲಾಸ್!" ಸಾಕು, ಸಾಕು ಎಂದು ಅರಬಿಯಲ್ಲಿ ಕೂಗುತ್ತ ಲೆಫ್ಟಿನೆಂಟ್ ಅವನನ್ನು ಎಳೆಯುವಷ್ಟರಲ್ಲಿ ಸರ್ವೋತ್ತಮನ ಹಲ್ಲುಗಳು ನೆಲದಲ್ಲಿದ್ದವು.

"ನಾನಿಟ್ಟುಕೊಂಡ ಪಾಸ್‌ಪೋರ್ಟ್ ವಾಪಸ್ ಕೊಡು ಅಂತ ಆಶ್ಲೆ ನನ್ನ ಕಾಲರಿಗೆ ಕೈ ಹಾಕಿದ..." ಎಂದು ಸರ್ವೋತ್ತಮ ರಕ್ತ ಉಗುಳಿದ. "ಒಂದೇ ಏಟು ಹೊಡೆದದ್ದು ನಾನು."

ಸ್ಟೀಫನ್ನನ ಬೇಡಿ ಬಿಚ್ಚಿದರು. ಎಮಿಲಿಯಾ ಮಾತ್ರ ಗಂಡನ ಕಡೆಗೆ ನೋಡಲಿಲ್ಲ. "ಅಪ್ಪ ಎರಡು ವರ್ಷ ಸುಮ್ಮನಿದ್ದ್ರಾ, ಬಾಯಮ್ಮಾ?"

"ಇದ್ದ್ರು" ಎಂದರು ಬಾಯಮ್ಮ.

ಅಪ್ಪನ ಶವಪೆಟ್ಟಿಗೆಯ ಜೊತೆ ಊರಿಗೆ ಹೋದ ಎಮಿಲಿಯಾ, ಮಣ್ಣು ಕೊಟ್ಟ ಮರುದಿನವೇ ಆಶ್ಲೆಯ ಊರು ಶಿರ್ವಕ್ಕೆ ಹೋಗಿ ಆಶ್ಲೆಯ ತಾಯಿಗೆ ಎಲ್ಲವನ್ನೂ ಹೇಳಿದಳು. ಆ ಹೆಂಗಸು ಅವಳ ಕೆನ್ನೆಗೆ ಹೊಡೆದಳಂತೆ. ಆಮೇಲೆ ಕೈಹಿಡಿದು ಕೂರಿಸಿ, "ನನ್ನ ಮಗ ಕೊನೆಗೆ ಎಂತ ಹೇಳಿದ?" ಎಂದು ಕೇಳಿದಳಂತೆ. ಅದನ್ನು ತಿಳಿಯಲು ಎಮಿಲಿಯಾ ನಮಗೆ ಫೋನ್ ಮಾಡಿದಳು.

ಬಾಯಮ್ಮ ಪ್ಲಾಸ್ಟರ್ ಹಾಕಿದ ಕೈಯಲ್ಲೇ ನನ್ನನ್ನು ಕರೆದುಕೊಂಡು ಜೈಲಿಗೆ ಹೋದರು. ಆಶ್ಲೆಯ ಕೊನೆಯ ಮಾತೇನೆಂದು ಸರ್ವೋತ್ತಮನನ್ನು ಕೇಳಿದರು. ಅವನು ಹೇಳಿದ: "'ಪಾಯ್ಸ್ ಮಾಮ, ನೀವಾದ್ರೂ ಹೇಳಿ ಇವರಿಗೆ' ಅಂದ."

"ಇದನ್ನು ಆ ಹುಡುಗಿಗೆ ಹೇಳುದು ಬೇಡ, ಬಾಯಮ್ಮ" ಎಂದೆ ಮನೆ ಮುಟ್ಟಿದ ಮೇಲೆ.

"ಕೇಳಿದ್ದು ಒಬ್ಬ ತಾಯಿ, ಸಕೀನ" ಎಂದು ಅವರು ಫೋನ್ ಎತ್ತಿಕೊಂಡರು.