ಬಾಗಿಲ ಹೊರಗಿನ ಮೊಳೆ

ಸತ್ತವರು ಟಿ.ವಿ. ಹಾಕುವುದಿಲ್ಲ. ಬದುಕಿದ್ದವರೂ ಚಾನೆಲ್ಲೇ ಬಾರದ ಟಿ.ವಿ. ಹಾಕಿ ಕೂರುವುದಿಲ್ಲ. ಹಾಗಾದರೆ ಇದನ್ನು ಹಾಕಿದವರು ಯಾರು?

ಇನ್ಸ್‌ಪೆಕ್ಟರ್ ಹೆಣದ ಪಕ್ಕ ಕುಕ್ಕರುಗಾಲಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದ. ಎದುರಿಗೆ ಹಳೆಯ ಕಲರ್ ಟಿ.ವಿ. ಉರಿಯುತ್ತಿತ್ತು. ಮರದ ಮೈ, ಉಬ್ಬಿದ ಗಾಜು, ಕಬ್ಬಿಣದ ಸ್ಟ್ಯಾಂಡು. ಅದು ಹಿಡಿಯಬಲ್ಲ ಚಾನೆಲ್ ಈಗ ಒಂದೂ ಇಲ್ಲ. ಪರದೆಯ ತುಂಬ ಇರುವೆ ಹರಿದಾಡಿದ ಹಾಗೆ ಚುಕ್ಕೆಗಳು. ಆ ಬೆಳಕಿನಲ್ಲಿ, ಗೋಡೆಗುಂಟ ಸಾಲಾಗಿ ನಿಂತ ಉಳಿದ ಟಿ.ವಿ.ಗಳು ಸಾವಿನ ಮನೆಗೆ ಬಂದು ಮಾತಿಲ್ಲದೆ ಕೂತವರಂತಿದ್ದವು.

ನೆಲದ ಮೇಲೆ ಬಿದ್ದಿದ್ದವರು ಟಿ.ವಿ. ಮಾವ. ಬೀದಿಯವರೆಲ್ಲ ಕರೆಯುತ್ತಿದ್ದುದೇ ಹಾಗೆ. ಒಂದು ಕಾಲಕ್ಕೆ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದವರು. ಮದುವೆಯಾಗಲಿಲ್ಲ. ಜನ ಹೊರಗೆಸೆದ ಕಲರ್ ಸೆಟ್ಟುಗಳನ್ನು ಮನೆಗೆ ತಂದು, ಒರೆಸಿ, ಜೀವ ಬರಿಸಿ ಇಟ್ಟುಕೊಳ್ಳುತ್ತಿದ್ದರು. ಅವರ ತಲೆಯ ಹಿಂಭಾಗ ಸ್ಟ್ಯಾಂಡಿನ ಮೂಲೆಗೆ ಬಡಿದಿತ್ತು. ತಲೆಯ ಕೆಳಗೆ ಒಂದು ಹೊಸ ಬಟ್ಟೆ. ಅಂಚಿಗೆ ಅಂಚು ಸೇರಿಸಿ ಅಚ್ಚುಕಟ್ಟಾಗಿ ಮಡಚಿದ್ದು.

"ಸುಲಿದ ಬಾಳೆಹಣ್ಣು ಸಾರ್ ಇದು," ಎಂದರು ದಫೇದಾರರು. "ಎದುರು ಮನೆ ಟೈಲರಮ್ಮ ಕಿಟಕೀಲಿ ಕೂತು ಹೊಲೀತಿದ್ರು. ಬೀದಿ ದೀಪ ಹತ್ತೋ ಹೊತ್ತಿಗೆ ಈ ರೂಮಲ್ಲಿ ಟಿ.ವಿ. ಬೆಳಕು ಬಂತಂತೆ. ಅಂದ್ರೆ ಆಗ ಯಜಮಾನ್ರು ಬದುಕಿದ್ರು. ಸ್ವಲ್ಪ ಹೊತ್ತಿಗೆ ತಂಗಿ ಮಗ ಬಂದ. ಒಳಗೆ ಹೋಗಿ, ಮಾವ ಸತ್ತು ಹೋದ್ರು ಅಂತ ಕೂಗಿಕೊಂಡ. ನಡುವೆ ಮುಂಬಾಗಿಲಲ್ಲಿ ಒಂದು ನೊಣಾನೂ ಹೋಗಿಲ್ಲ."

"ಹಿಂಬಾಗಿಲು?"

"ಅದಕ್ಕೆ ಚಿಲಕ ಹಾಕೋ ಅಭ್ಯಾಸ ಇಲ್ವಂತೆ. ಹಿತ್ತಲ ಗೇಟು ದಾಟಿದ್ರೆ ಓಣಿ, ಓಣಿ ಕೊನೇಲಿ ವಾಚನಾಲಯ. ಅದನ್ನ ನೋಡ್ಕೊಳ್ಳೋದು ಇವರ ತಮ್ಮನೇ. ಪೇಪರ್ ಮಾವ ಅಂತಾರೆ. ದೀಪ ಹತ್ತಿದ ಬೆನ್ನಲ್ಲೇ ಬಾಗಿಲು ತೆಗೆದು ಪೇಪರ್ ಹರಡ್ತಿದ್ರು, ಹತ್ತು ಜನ ನೋಡಿದಾರೆ. ಎರಡು ವಾರದಿಂದ ಈ ಕಡೆ ಬಂದೇ ಇಲ್ವಂತೆ. ಪಾಪ, ಜಗಲೀಲಿ ಕೂತು ಅಳ್ತಿದಾರೆ."

"ತಂಗಿ ಮಗನ ಜಗಳ ಏನು?"

"ಮಧ್ಯಾಹ್ನ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದಾನೆ. 'ನೀವು ಕಣ್ಣು ಮುಚ್ಚಿದ ಮಾರನೇ ದಿನವೇ ಈ ಡಬ್ಬಾಗಳನ್ನೆಲ್ಲ ಗುಜರಿಗೆ ಹಾಕ್ತೀನಿ' ಅಂತ. ಇನ್ನೇನು ಬೇಕು ಸಾರ್?"

ಇನ್ಸ್‌ಪೆಕ್ಟರ್ ಎದ್ದು ಕಿಟಕಿಯ ಕೆಳಗಿನ ಕೆಲಸದ ಮೇಜಿಗೆ ಹೋದ. ಅಲ್ಲಿ ಒಂದು ಕರವಸ್ತ್ರದ ಮೇಲೆ ರಿಮೋಟ್ ಕರುಳು ಬಿಚ್ಚಿಕೊಂಡು ಮಲಗಿತ್ತು.

"ಟಿ.ವಿ. ಹಾಕಿದ್ದು ಯಾವುದರಲ್ಲಿ?"

ದಫೇದಾರರು ಆ ತುಂಡುಗಳನ್ನು ನೋಡಿದರು. ತಲೆ ಕೆರೆದುಕೊಂಡರು. "ಹಾಕಿ ಆಮೇಲೆ ಬಿಚ್ಚಿರಬಹುದು."

ಇನ್ಸ್‌ಪೆಕ್ಟರ್ ಟಿ.ವಿ.ಯ ಹಿಂದಕ್ಕೆ ಬಗ್ಗಿದ. ಪ್ಲಗ್ ಕಿತ್ತ. ಚುಕ್ಕೆಗಳು ನಡುವಿಗೆ ಸರಿದು, ಒಂದೇ ಬಿಂದುವಾಗಿ, ಆರಿಹೋದವು. ಆ ಬಿಂದುವನ್ನು ಅವನು ಬಲ್ಲ. ಚಿಕ್ಕವನಿದ್ದಾಗ ದಿನವೂ ಅದು ಪೂರ್ತಿ ಆರುವತನಕ ನೋಡುತ್ತಿದ್ದ. ಅವನ ಅಪ್ಪ ಮಾತಿನ ಮನುಷ್ಯನಲ್ಲ. ಸಂಜೆಯೆಲ್ಲ ಪಕ್ಕದಲ್ಲೇ ಕೂತು ಎರಡೇ ಮಾತಾಡುತ್ತಿದ್ದರು: "ಸೌಂಡ್ ಜಾಸ್ತಿ ಮಾಡು," "ಸೌಂಡ್ ಕಮ್ಮಿ ಮಾಡು." ಎದ್ದು ಹೋಗಿ ತಿರುಗಿಸುವವನು ಇವನು. ಮನೆಗೆ ರಿಮೋಟ್ ಬಂದ ದಿನ ಆ ಎರಡು ಮಾತೂ ನಿಂತವು.

ಹೊರಗೆ ಬರುವಾಗ ಬಾಗಿಲ ಚೌಕಟ್ಟಿನ ಪಕ್ಕದ ಗೋಡೆಯಲ್ಲಿ ಒಂದು ದಪ್ಪ ಮೊಳೆ ಕಂಡಿತು. ಬಳಸಿ ಬಳಸಿ ಹೊಳಪು ಬಂದಿತ್ತು. ಅದರಲ್ಲಿ ಏನೂ ನೇತಾಡುತ್ತಿರಲಿಲ್ಲ.

*

"ಆ ಬಟ್ಟೆ ನಾನೇ ಹೊಲಿದದ್ದು," ಎಂದರು ಟೈಲರಮ್ಮ ಮರುದಿನ ಬೆಳಿಗ್ಗೆ. ಮೆಷಿನ್ ಮೇಲಿಟ್ಟ ಕೈ ತೆಗೆದಿರಲಿಲ್ಲ. "ಟಿ.ವಿ.ಗೆ ಹೊದಿಕೆ. ಮಧ್ಯಾಹ್ನ ಊಟ ಮಾಡಿ ಕೊಟ್ಟು ಬಂದೆ. 'ನನ್ನ ಮಗಳಿಗೆ ಹೊಸ ಬಟ್ಟೆ ಬಂತು' ಅಂತ ನಕ್ರು. ಆ ಸೆಟ್ಟನ್ನ ಮ್ಯೂಸಿಯಮ್ಮಿಗೆ ಕೊಡೋರಿದ್ರಲ್ಲ, ಅದಕ್ಕೆ."

"ಆಗ ರಿಮೋಟ್ ಎಲ್ಲಿತ್ತು?"

"ಬಿಚ್ಚಿ ಹರಡಿದ್ರು. ಒಳಗಿನ ಸ್ಪ್ರಿಂಗ್ ತುಂಡಾಗಿದೆ, ನಾಳೆ ಯಾರೋ ತಂದ್ಕೊಡ್ತಾರೆ, ಅಲ್ಲೀವರೆಗೂ ಇವಳು ಮೂಕಿ ಅಂದ್ರು."

"ಟಿ.ವಿ. ಮೈಮೇಲೆ ಸ್ವಿಚ್ ಇರತ್ತಲ್ಲ?"

"ಅದು ಮುರಿದು ಯಾವ ಕಾಲ ಆಯ್ತೋ! ಆ ರಿಮೋಟ್ ಒಂದೇ ಅದಕ್ಕೆ ಗತಿ." ಅವರು ಸೂಜಿಯಿಂದ ದಾರ ಎಳೆದು ತೆಗೆದರು. "ನಾನು ಬೆಳಕು ನೋಡಿದ್ದು ಸುಳ್ಳಲ್ಲ ಸಾರ್. ಆ ಹುಡುಗನ್ನ ಹಿಡ್ಕೊಂಡು ಹೋಗಿದ್ದು ನನ್ನ ಮಾತಿಂದ ಅಂತ ಜನ ಅಂತಿದಾರೆ. ರಾತ್ರಿಯೆಲ್ಲ ನಿದ್ದೆ ಇಲ್ಲ."

*

ತಂಗಿಯ ಮಗ ವ್ಯಾನ್ ಓಡಿಸುವವನು. ಲಾಕಪ್ಪಿನ ಗೋಡೆಗೊರಗಿ ಕೂತಿದ್ದ.

"ಗುಜರಿಗೆ ಹಾಕ್ತೀನಿ ಅಂದದ್ದು ನಿಜ ಸಾರ್. ವಯರೆಲ್ಲ ಸುಟ್ಟು ಕರಕಲಾಗಿದೆ, ನಮ್ಮನೇಗೆ ಬಂದ್ಬಿಡಿ ಮಾವ ಅಂದ್ರೆ ಕೇಳಲ್ಲ. ಸಿಟ್ಟು ನೆತ್ತಿಗೇರ್ತು. ಸಂಜೆ ತಪ್ಪಾಯ್ತು ಅಂತ ಹೇಳೋಕೆ ಹೋದೆ."

"ತಲೆ ಕೆಳಗೆ ಬಟ್ಟೆ ಇಟ್ಟದ್ದು ನೀನಾ?"

"ಇಲ್ಲ ಸಾರ್. ಮೊದಲೇ ಇತ್ತು."

"ಆ ರಿಮೋಟ್ ಹೇಗೆ ಕೆಲಸ ಮಾಡತ್ತೆ? ಬ್ಯಾಟರಿ ಹಾಕೋ ಜಾಗವೇ ಇಲ್ಲ."

ಅವನ ಮುಖ ಸ್ವಲ್ಪ ಅರಳಿತು. "ಅದಕ್ಕೆ ಬ್ಯಾಟರಿ ಬೇಡ. ಒಳಗೆ ಅಲ್ಯೂಮಿನಿಯಂ ಕಡ್ಡಿಗಳಿವೆ. ಗುಂಡಿ ಒತ್ತಿದ್ರೆ ಪುಟ್ಟ ಸುತ್ತಿಗೆ ಕಡ್ಡಿಗೆ ಹೊಡೆಯತ್ತೆ. ಆ ಸದ್ದು ನಮಗೆ ಕೇಳಲ್ಲ, ಟಿ.ವಿ.ಗೆ ಕೇಳತ್ತೆ. ಚಿಕ್ಕೋನಿದ್ದಾಗ ಮಾವ ಕಿವಿ ಹತ್ರ ಹಿಡಿದು, ಕೇಳ್ತಾ ಅಂತಿದ್ರು. ಕೇಳ್ತು ಅಂತ ಸುಳ್ಳು ಹೇಳ್ತಿದ್ದೆ."

ಅಷ್ಟು ಹೇಳಿ ಮೊಣಕಾಲಿಗೆ ಮುಖ ಒತ್ತಿಕೊಂಡ.

ಹೊರಗಿನ ಬೆಂಚಿನ ಮೇಲೆ ಅವನ ತಾಯಿ ಕೂತಿದ್ದರು. ನಿನ್ನೆಯಿಂದ ಅಲ್ಲೇ. ಅಣ್ಣ ಶವಾಗಾರದಲ್ಲಿ, ಮಗ ಲಾಕಪ್ಪಿನಲ್ಲಿ. ಅಳುವುದಾದರೂ ಯಾರಿಗೆಂದು ಗೊತ್ತಿಲ್ಲದೆ ಕಣ್ಣು ಒಣಗಿತ್ತು. ದಫೇದಾರರು ತಂದಿಟ್ಟ ಟೀ ಕೆನೆಗಟ್ಟಿತ್ತು.

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತ.

"ಅಮ್ಮ, ಆ ರೂಮಿನ ಬಾಗಿಲ ಹೊರಗೆ ಒಂದು ಮೊಳೆ ಇದೆ. ಯಾತಕ್ಕೆ?"

ಆಕೆ ತಲೆ ಎತ್ತಿದರು. ಇಂಥ ಹೊತ್ತಿನಲ್ಲಿ ಇಂಥ ಪ್ರಶ್ನೆಯೇ ಎನ್ನುವಂತೆ ನೋಡಿದರು. ಆಮೇಲೆ ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಬಂತು.

"ಅದು ಕೀ ಗೊಂಚಲಿಗೆ ಸಾರ್. ನಿನ್ನೆ ಹತ್ತಿತ್ತಲ್ಲ, ಆ ಟಿ.ವಿ. ನಮ್ಮಪ್ಪ ತಂದದ್ದು. ಇದ್ದದ್ದು ಒಂದೇ ಚಾನೆಲ್ಲು, ಅದಕ್ಕೊಂದು ರಿಮೋಟು! ಅದು ಯಾವಾಗ್ಲೂ ಅಣ್ಣನ ಕೈಲಿ. ನಮ್ಮಮ್ಮನ ಸೊಂಟದಲ್ಲಿ ಕೀ ಗೊಂಚಲು. ಅಮ್ಮ ರೂಮಿಗೆ ಕಾಲಿಟ್ರೆ ಸಾಕು, ಟಿ.ವಿ. ತಾನೇ ಹತ್ಕೊಳ್ಳೋದು, ತಾನೇ ಆರೋದು. ದೆವ್ವ ಅಂತ ಹೆದರಿದ್ವಿ. ಆಮೇಲೆ ಅಣ್ಣ ಕಂಡುಹಿಡಿದ, ಗೊಂಚಲಿನ ಸದ್ದಿಗೆ ಅಂತ. ಮೊಳೆ ಹೊಡೆದ. ಯಾರೇ ಬರ್ಲಿ, ಕೀ ಅಲ್ಲಿ ನೇತು ಹಾಕಿ ಒಳಗೆ ಬರ್ಬೇಕು. ಮರೆತು ಒಳಗೆ ತಂದ್ರೆ ಬೈಗುಳ."

ಇನ್ಸ್‌ಪೆಕ್ಟರ್ ಎದ್ದು ನಿಂತ.

"ಯಾಕೆ ಸಾರ್?"

"ಏನಿಲ್ಲಮ್ಮ. ಟೀ ಕುಡೀರಿ."

*

ಸತ್ತವರ ರೂಮಿಗೆ ಮರಳಿ, ಟಿ.ವಿ.ಯ ಪ್ಲಗ್ ಸಿಕ್ಕಿಸಿ, ಇನ್ಸ್‌ಪೆಕ್ಟರ್ ಸ್ಟೇಷನ್ನಿನ ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿದ. ಏನೂ ಆಗಲಿಲ್ಲ. ಹತ್ತಿರ ಹೋಗಿ ಅಲ್ಲಾಡಿಸಿದ. ಪರದೆ ಕಪ್ಪಗೇ ಇತ್ತು.

"ಲಾಕಪ್ಪಿನ ಕೀ ಸಾರ್ ಅದು, ಟಿ.ವಿ.ಗೂ ಭಯ ಇರತ್ತೆ," ಎಂದರು ದಫೇದಾರರು. ತಮ್ಮ ಮನೆಯ ಮತ್ತು ಬೈಕಿನ ಕೀ ಸೇರಿಸಿ ಕುಲುಕಿದರು. ಅದಕ್ಕೂ ಜಪ್ಪೆನ್ನಲಿಲ್ಲ. ತಂಗಿಯ ಮಗನ ವ್ಯಾನಿನದು ಒಂಟಿ ಕೀ, ಚರ್ಮದ ಪಟ್ಟಿಗೆ ಕಟ್ಟಿದ್ದು. ಸದ್ದೇ ಬರಲಿಲ್ಲ.

ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕುಸಿದ. ಮುದಿ ತಾಯಿಯೊಬ್ಬಳ ನೆನಪನ್ನು ನಂಬಿ ಗಾಳಿಗೆ ಗುದ್ದಿದೆನೇ?

ಆಗ ಹಿಂಬಾಗಿಲು ಕಿರುಗುಟ್ಟಿತು. ಪೇಪರ್ ಮಾವ. ಸಾಮಾನು ಗುರುತು ಹೇಳಲು ದಫೇದಾರರು ಬೆಳಿಗ್ಗೆಯೇ ಹೇಳಿಕಳಿಸಿದ್ದರು. ಬಡಕಲು ದೇಹ, ಬೆರಳುಗಳಲ್ಲಿ ಪತ್ರಿಕೆಯ ಮಸಿ. ಸೊಂಟದ ಕೊಂಡಿಯಲ್ಲಿ ವಾಚನಾಲಯದ ಕಪಾಟುಗಳ ಕೀಗಳು, ತೆಳ್ಳಗಿನವು, ಹಿಡಿ ತುಂಬ. ನಡೆದು ಬಂದರು. ನೋಡದೆಯೇ, ಚಪ್ಪಲಿ ಬಿಟ್ಟಷ್ಟು ಸಹಜವಾಗಿ, ಗೊಂಚಲು ಬಿಚ್ಚಿ ಮೊಳೆಗೆ ಹಾಕಿದರು. ಒಳಗೆ ಬಂದರು.

ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದ. ಹೊರಗೆ ಹೋದ. ಮೊಳೆಯಿಂದ ಗೊಂಚಲು ತೆಗೆದುಕೊಂಡು ಹೊಸ್ತಿಲಲ್ಲಿ ನಿಂತ.

"ಬೇಡ," ಎಂದರು ಪೇಪರ್ ಮಾವ.

ಅವನು ಅಲ್ಲಾಡಿಸಿದ.

ಟಿ.ವಿ.ಯೊಳಗೆ ಖಟ್ ಎಂದಿತು. ಸಣ್ಣ ಗುಂಯ್‌ಗುಡುವಿಕೆ. ನಿಧಾನವಾಗಿ ಗಾಜು ಬೆಳಗಿತು. ಸತ್ತವರ ಖಾಲಿ ಜಾಗದ ಮೇಲೆ ಬೆಳಕು ಬಿತ್ತು. ಪೇಪರ್ ಮಾವ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು, ಬೇರೆಯವರಿಗೆ ಕೇಳದ್ದು ತಮಗೆ ಕೇಳಿಸಿತೆನ್ನುವಂತೆ.

"ಮೊನ್ನೆ... ಅಲ್ಲ, ನಿನ್ನೆ ಸಂಜೆಯೂ ಹೀಗೇ ಆಯ್ತು," ಎಂದರು.

ಇನ್ಸ್‌ಪೆಕ್ಟರ್ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದ. "ಎರಡು ವಾರದಿಂದ ಬಂದಿಲ್ಲ ಅಂದ್ರಿ. ಬಂದಿದ್ರಿ. ಹಿತ್ತಲಿಂದ. ಕೀ ಮೊಳೆಗೆ ಹಾಕಿದ್ರಿ, ಎಂದಿನ ಹಾಗೆ. ಅಣ್ಣ ಬಿದ್ದ ಮೇಲೆ ಕೀ ತಗೊಂಡು ಹೊರಟ್ರಿ. ಅಲ್ಲೇ ಹೋಗಿಬಿಟ್ಟಿದ್ರೆ ರೂಮು ಕತ್ತಲಾಗೇ ಇರ್ತಿತ್ತು. ಆದ್ರೆ ವಾಪಸ್ ಬಂದ್ರಿ."

"ಬರೀ ನೆಲದ ಮೇಲೆ ತಲೆ ಇತ್ತು ಸಾರ್." ಪೇಪರ್ ಮಾವ ಆ ಜಾಗ ತೋರಿಸಿದರು. "ಹೊಸ ಹೊದಿಕೆ ಕುರ್ಚಿ ಮೇಲಿತ್ತು. ಮಡಚಿ ಇಟ್ಟೆ. ಜನ್ಮದಲ್ಲಿ ಮೊದಲನೇ ಸಲ ಕೀ ಒಳಗೆ ತಂದಿದ್ದೆ. ಬಗ್ಗಿದೆ, ಸೊಂಟದಲ್ಲಿ ಅಲ್ಲಾಡ್ತು. ಟಿ.ವಿ. ಹತ್ಕೊಳ್ತು. ಅಣ್ಣನ ಮುಖದ ಮೇಲೆ ಬೆಳಕು. ಬೈತಾನೆ ಅಂದ್ಕೊಂಡೆ. ಬೈಲಿಲ್ಲ. ಓಡಿಹೋದೆ."

"ಓಡಿಹೋಗಿ ವಾಚನಾಲಯದ ಬಾಗಿಲು ತೆಗೆದ್ರಿ."

"ಜನ ಕಾಯ್ತಿದ್ರು."

"ಜಗಳ ಯಾಕೆ?"

ಪೇಪರ್ ಮಾವ ಮೇಜಿನ ಮೇಲಿನ ತುಂಡುಗಳನ್ನು ನೋಡಿದರು. "ಮ್ಯೂಸಿಯಮ್ಮಿಗೆ ಕೊಡೋ ಮುಂಚೆ ಒಂದು ವಾರ ನನ್ನ ಮನೇಲಿಡು ಅಂದೆ. ಚಿಕ್ಕಂದಿನಿಂದ ಆ ರಿಮೋಟ್ ನನ್ನ ಕೈಗೆ ಕೊಟ್ಟೋನಲ್ಲ. ನಿನಗೆ ಬರಲ್ಲ, ಹಾಳು ಮಾಡ್ತೀಯ, ಕೊಡಲ್ಲ ಅಂದ. ಈ ವಯಸ್ಸಲ್ಲೂ ಅದೇ ಮಾತು ಸಾರ್, ಅದೇ ದನಿ. ತಳ್ಳಿದೆ. ಅಷ್ಟೇ. ತಳ್ಳಿದ್ದು ಅಷ್ಟೇ."

"ನಿಮ್ಮಕ್ಕನ ಮಗ ಲಾಕಪ್ಪಲ್ಲಿದಾನೆ. ಗೊತ್ತಿತ್ತಲ್ಲ?"

ಪೇಪರ್ ಮಾವ ಟಿ.ವಿ.ಯ ಕಡೆ ಬೊಟ್ಟು ಮಾಡಿದರು.

"ಟಿ.ವಿ. ಹತ್ತಿದ್ದರಿಂದ ಅಣ್ಣ ಆಗ ಬದುಕಿದ್ದ ಅಂತ ನೀವೇ ಅಂದ್ರಿ. ಅದು ನನ್ನ ಪರ ಸಾಕ್ಷಿ ಹೇಳ್ತಿತ್ತು. ನಾನು ಬಾಯಿ ಬಿಡಲಿಲ್ಲ."

ದಫೇದಾರರು ಮುಂದೆ ಬಂದು ಅವರ ತೋಳು ಹಿಡಿದರು.

*

"ಬೆಳಕು ಕಂಡಿತು ಅಂತ ಮನುಷ್ಯ ಬದುಕಿದ್ದ ಅಂದ್ಕೊಂಡ್ವಿ. ಅಲ್ಲೇ ಎಡವಿದ್ದು," ಎಂದ ಇನ್ಸ್‌ಪೆಕ್ಟರ್, ಜೀಪಿನಲ್ಲಿ. "ರಿಮೋಟ್ ತುಂಡು ತುಂಡು, ಸ್ವಿಚ್ ಮುರಿದಿದೆ. ಹಾಗಾಗಿ ಅವರು ಹಾಕಿದ್ದಲ್ಲ. ಆ ತೆಳ್ಳನೆ ಕೀಗಳ ಸದ್ದು ರಿಮೋಟಿನ ಸದ್ದಿನ ಹಾಗೇ ಇತ್ತು, ಅದಕ್ಕೇ ಹತ್ತಿದ್ದು. ಬೆಳಕು ಬಂದಾಗ ಅವರು ಆಗಲೇ ಸತ್ತಿದ್ರು, ಕೊಂದವರು ಹೊರಡ್ತಿದ್ರು. ಆಮೇಲಿನ ಹೊತ್ತಿಗೆ ಯಾರ್ಯಾರು ಎಲ್ಲಿದ್ರು ಅಂತ ಕೇಳಿ ಏನು ಪ್ರಯೋಜನ? ಇನ್ನು ಆ ಬಟ್ಟೆ. ದ್ವೇಷ ಇದ್ದವರು ತಲೆಗೆ ದಿಂಬು ಇಡಲ್ಲ. ಮನೆಯವರೇ ಇರಬೇಕು."

"ಮೊಳೆ ವಿಷಯ ನಿಮಗೆ ಹೊಳೆದದ್ದು ಹೇಗೆ ಸಾರ್?"

ಇನ್ಸ್‌ಪೆಕ್ಟರ್ ಕಿಟಕಿಯ ಹೊರಗೆ ನೋಡಿದ.

ಸ್ಟೇಷನ್ನಿನಲ್ಲಿ ಮಗನನ್ನು ಬಿಟ್ಟರು. ತಾಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಒಳಕೋಣೆಯ ಕಡೆ ನೋಡಿದರು. ಅಲ್ಲಿ ಅವರ ತಮ್ಮ ಬೆನ್ನು ತಿರುಗಿಸಿ ಕೂತಿದ್ದ. ಆಕೆ ಹತ್ತಿರ ಹೋಗಲಿಲ್ಲ, ಹೊರಡಲೂ ಇಲ್ಲ. ಮಗ ಭುಜ ಹಿಡಿದು ಮೆಟ್ಟಿಲವರೆಗೆ ಕರೆದುಕೊಂಡು ಹೋದ. ಅಲ್ಲಿಂದ ಆಕೆ ಒಬ್ಬರೇ ಹಿಂದಿರುಗಿ ಬಂದರು.

"ಸಾರ್, ನನ್ನ ತಮ್ಮನ ಮೇಲೆ ನಿಮಗೆ ಹೇಳಿಕೊಟ್ಟವರು ಯಾರು?"

"ಯಾರೂ ಇಲ್ಲಮ್ಮ. ಟಿ.ವಿ. ತಾನೇ ಹತ್ತಿಕೊಳ್ತು."

ಆಕೆ ಇನ್ನೂ ಏನೋ ಕೇಳುವವರಂತೆ ನಿಂತಿದ್ದರು. ಅವನು ಮೇಜಿನ ಮೇಲಿನ ಟೀ ಲೋಟವನ್ನು ತೆಗೆದು ಪಕ್ಕಕ್ಕಿಟ್ಟ. ಆಕೆ ಹೋದರು.

ಆ ಮೊಳೆಯ ಕಥೆ ಹೇಳಿ ಮಗನನ್ನು ಬಿಡಿಸಿದವರೂ ತಮ್ಮನನ್ನು ಹಿಡಿಸಿದವರೂ ಆಕೆಯೇ ಎಂದು ಅವನು ಯಾರಿಗೂ, ಯಾವತ್ತೂ ಹೇಳಲಿಲ್ಲ.