ಬೆಟ್ಟ ಹತ್ತದ ನಾಲ್ವರು

ಹದಿನೈದು ವರ್ಷ ಮುರ್ಬಾಡಿನ ಬೆಟ್ಟ ಹತ್ತಿ ಇಳಿದವನು ಪ್ರೇಮನಾಥ. ಕುರ್ಚಿ ಸಿಕ್ಕಿದ್ದು ಅನಘಳಿಗೆ. ಠಾಣೆ ನಗರದ ಒಂದು ಸೇವಾಸಂಸ್ಥೆಯ ಪರವಾಗಿ ಹಳ್ಳಿಯ ಹೆಂಗಸರಿಗೆ ಆಡು ಕೊಟ್ಟದ್ದು, ಹೊಲಿಗೆ ಯಂತ್ರ ಕೊಟ್ಟದ್ದು, ಕೊಟ್ಟ ಆಡು ಸತ್ತಾಗ ಹೋಗಿ ಬೈಗುಳ ತಿಂದು ಬಂದದ್ದು ಎಲ್ಲ ಅವನೇ. ಎಡ ಮೊಣಕಾಲು ಸವೆದದ್ದೂ ಅಲ್ಲೇ. ಆದರೆ ಹೊಸ ಯೋಜನೆಗೆ ಮುಖ್ಯಸ್ಥರು ಬೇಕಾದಾಗ ಮೇಲಿನವರಿಗೆ ನೆನಪಾದದ್ದು ದೊಡ್ಡ ಕಾಲೇಜಿನಲ್ಲಿ ಓದಿ ಬಂದ, ಇನ್ನೂ ಮೂವತ್ತು ದಾಟದ ಹುಡುಗಿ. ಅವಳ ಅಜ್ಜ ಉಡುಪಿಯಿಂದ ಬಂದು ಹೋಟೆಲು ನಡೆಸಿದವರು. ಅವಳು ನೆರೂಳದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಜಾರುತ್ತಾಳೆ. ಅವನನ್ನು ‘ಪ್ರೇಮಣ್ಣ’ ಎಂದೇ ಕರೆಯುತ್ತಾಳೆ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಆದರೆ ಬರೀ ಸಿಟ್ಟಿನಿಂದ ಪ್ರೇಮನಾಥ ಕಳ್ಳನಾಗುತ್ತಿರಲಿಲ್ಲ. ಅವನನ್ನು ದೂಡಿದ್ದು ಅಕ್ಕನ ಮನೆ. ಡೊಂಬಿವಲಿಯಲ್ಲಿ ಭಾವ ನಡೆಸುತ್ತಿದ್ದ ಹೋಟೆಲಿನ ಕಟ್ಟಡವನ್ನು ಹೊಸದಾಗಿ ಕಟ್ಟುತ್ತೇನೆಂದು ಬಿಲ್ಡರ್ ಕೆಡವಿದ, ಕೆಡವಿದ್ದಷ್ಟೇ, ಕಟ್ಟಲಿಲ್ಲ. ಭಾವ ಈಗ ದಿನವಿಡೀ ಟಿವಿ ಎದುರು ಕೂತಿರುತ್ತಾರೆ. ಮಗಳು ಅನುಷ್ಕಾಳಿಗೆ ನೆರೂಳದ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ಅಕ್ಕ ಜಲಜಾಕ್ಷಿ ತಮ್ಮನಿಗೆ ಫೋನ್ ಮಾಡಿದಳು.

“ಎಂತ ಮಾಡುವ ಪ್ರೇಮು? ನೀನು ಹೇಳಿದ ಹಾಗೆ.”

“ಸೇರಿಸು ಅಕ್ಕ. ನಾನಿದ್ದೇನಲ್ಲ,” ಅಂದುಬಿಟ್ಟ.

ಸೋದರಮಾವ ಆಡಿದ ಮಾತು ಆಡಿದ್ದೇ. ಮದುವೆಯಾಗದ ಅವನಿಗೆ ತನ್ನವರು ಅಂತ ಇದ್ದದ್ದೂ ಅವರೇ. ಕಲ್ಯಾಣಿನ ತನ್ನ ಒಂದು ಕೋಣೆಯ ಮನೆಯಲ್ಲಿ ಕೂತು ಯೋಚಿಸಿದಾಗ, ‘ನಾನಿದ್ದೇನೆ’ ಎನ್ನುವುದಕ್ಕೆ ತಾನೊಬ್ಬನನ್ನು ಬಿಟ್ಟರೆ ಬೇರೇನೂ ಇಲ್ಲವೆಂದು ಗೊತ್ತಾಯಿತು. ಎರಡು ಕಂತು ಹೇಗೋ ಕಟ್ಟಿದ. ಮೂರನೆಯದಕ್ಕೆ ದಾರಿ ಕಾಣಲಿಲ್ಲ.

ಆಗಲೇ ಅನಘ ಕರೆದದ್ದು. “ಪ್ರೇಮಣ್ಣ, ಸರ್ವೇಗೆ ನಾಲ್ಕು ಜನ ಹೆಂಗಸರು ಬೇಕು. ಬೆಟ್ಟದ ಹಳ್ಳಿಗಳಲ್ಲಿ ವಾಡಿ ವಾಡಿಗೆ ಹೋಗಿ ಮನೆಮನೆಯಲ್ಲಿ ಕೇಳ್ಬೇಕು. ಉಸೀ ಪೇ ಡಿಸೈಡ್ ಆಗೋದು, ಆಡು ಯಾರಿಗೆ, ಮಷೀನ್ ಯಾರಿಗೆ ಅಂತ. ಸೆಲೆಕ್ಷನ್ ನೀವೇ ಮಾಡಿ. ಆಪ್ ಪೇ ಪೂರಾ ಭರೋಸಾ ಹೈ.”

ಭರೋಸಾ ಎಂಬ ಮಾತು ಚುಚ್ಚಿತು. ಆದರೂ ಕಚೇರಿಯ ಮೆಟ್ಟಿಲಿಳಿಯುವಷ್ಟರಲ್ಲಿ ಉಪಾಯ ಸಿದ್ಧವಾಗಿತ್ತು. ಇಲ್ಲದ ಹೆಸರುಗಳನ್ನು ಹುಟ್ಟಿಸಿ ಸಂಬಳ ಹೊಡೆಯುವವರು ದಡ್ಡರು. ಅವರು ಎಂದಾದರೊಂದು ದಿನ ಸಿಕ್ಕಿಬೀಳುತ್ತಾರೆ. ಅವನ ಯೋಜನೆಯಲ್ಲಿ ಮನುಷ್ಯರು ನಿಜ, ಅವರ ಬ್ಯಾಂಕ್ ಖಾತೆ ನಿಜ, ಸಹಿ ನಿಜ. ಬೆಟ್ಟ ಹತ್ತುವುದೊಂದು ಮಾತ್ರ ಸುಳ್ಳು. ಒಬ್ಬಳು ಅಕ್ಕ. ಉಳಿದ ಮೂವರು ಅಕ್ಕನ ಭಜನಾ ಮಂಡಳಿಯವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಎರಡೂ ಸಲೀಸು. ಅವರಿಗೂ ಮನೆಯಲ್ಲಿ ಕಷ್ಟವೇ. ಬರುವ ಸಂಬಳದಲ್ಲಿ ಒಂದು ಪಾಲು ಅನುಷ್ಕಾಳ ಕಾಲೇಜಿಗೆ ಎಂದು ಮಾತಾಯಿತು. ಜಲಜಾಕ್ಷಿಯ ಹೆಸರಿನ ಜೊತೆ ಗಂಡನ ಕಡೆಯ ಅಡ್ಡಹೆಸರಿದ್ದುದರಿಂದ ತಮ್ಮನ ವಾಸನೆ ಯಾರ ಮೂಗಿಗೂ ಹತ್ತುವಂತಿರಲಿಲ್ಲ.

ಜಲಜಾಕ್ಷಿ ಮಾತ್ರ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೇಳಿದಳು. “ಇದು ಪಾಪ ಅಲ್ವಾ ಪ್ರೇಮು? ಆ ಹೆಂಗಸರ ಬಾಯಿಗೆ ನಾವು ಮಾತು ಹಾಕುವುದಲ್ವಾ?”

“ಎಂತ ಪಾಪ ಅಕ್ಕ? ನಾನು ಅಲ್ಲಿ ನೋಡದ ಕಷ್ಟವಾ? ಆಡು ಅವರಿಗೆ ಸಿಕ್ಕಿಯೇ ಸಿಗುತ್ತದೆ. ಹೆಂಗಸರ ಬದುಕು ಎಲ್ಲ ಕಡೆ ಒಂದೇ.”

ಹೇಳುವಾಗ ಅವನಿಗೆ ಅದು ನಿಜವೆಂದೇ ಅನಿಸಿತ್ತು.

ಸಂದರ್ಶನವನ್ನು ಕಲ್ಯಾಣಿನ ಒಂದು ಶಾಲೆಯಲ್ಲಿ, ಅನಘಳಿಗೆ ವಾಶಿಯಲ್ಲಿ ಮೀಟಿಂಗ್ ಇದ್ದ ದಿನವೇ ಇಟ್ಟ. ನೋಡುವವರ ಕಣ್ಣಿಗೆ ಎಲ್ಲ ಕ್ರಮಬದ್ಧ: ಜಾಹೀರಾತು, ಅರ್ಜಿ, ಪ್ರಶ್ನೆ, ಅಂಕ. ಬಂದವರಲ್ಲಿ ವನಿತಾ ಪಾರಧಿ ಎಂಬ ಹುಡುಗಿಯೊಬ್ಬಳಿದ್ದಳು. ಮುರ್ಬಾಡಿನಾಚೆಯ ಬೆಟ್ಟದ ವಾಡಿಯವಳು, ಹನ್ನೆರಡನೇ ತರಗತಿ ಪಾಸು. ನಸುಕಿಗೇ ಎದ್ದು ಡಾಂಬರು ರಸ್ತೆಯವರೆಗೆ ನಡೆದು, ಎಸ್‌ಟಿ ಬಸ್ಸು ಹಿಡಿದು ಬಂದಿದ್ದಳು. ಅವಳಿಗೆ ಈ ಕೆಲಸ ಬೇಕಿತ್ತು ಎನ್ನುವುದು ಕೂತ ರೀತಿಯಲ್ಲೇ ಕಾಣುತ್ತಿತ್ತು.

“ಮಳೆ ಬಂದು ಹಳ್ಳ ತುಂಬಿದರೆ ಏನು ಮಾಡುತ್ತೀ?” ಎಂದು ಮರಾಠಿಯಲ್ಲಿ ಕೇಳಿದ.

“ಇಳಿಯೋವರೆಗೆ ಕಾಯ್ತೇನೆ ಸರ್. ಆಮೇಲೆ ಹೋಗ್ತೇನೆ.”

ನಿಜವಾಗಿ ಹೋಗುವವಳು. ಅದೇ ಅವಳ ಅನರ್ಹತೆ. ಅಂಕ ಕಡಿಮೆ ಕೊಡುವಾಗ ಪ್ರೇಮನಾಥನ ಪೆನ್ನು ಒಂದು ಕ್ಷಣ ನಿಂತಿತು, ನಾಚಿಕೆಯಾಯಿತು. ಅದಕ್ಕೊಂದು ಸಮಾಧಾನ ಹುಡುಕಿದ: ಆಯ್ಕೆಯಾದವರು ಬಿಟ್ಟುಹೋದರೆ ಕರೆಯಬೇಕಾದವರಲ್ಲಿ ಅವಳದೇ ಮೊದಲ ಹೆಸರು ಬರೆದ. ಯಾರೂ ಬಿಟ್ಟುಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮನಸ್ಸಾಕ್ಷಿಗೂ ಒಂದಿಷ್ಟು ಲಂಚ ಕೊಡಬೇಕಾಗುತ್ತದೆ.

ಠಾಣೆಯ ಕಚೇರಿಯಲ್ಲಿ ತರಬೇತಿಯಾಯಿತು. ನಾಲ್ವರೂ ಹತ್ತಿ ಸೀರೆ ಉಟ್ಟು, ಟ್ಯಾಬ್ಲೆಟ್ ಹಿಡಿದು ಶಾಲೆಯ ಮಕ್ಕಳ ಹಾಗೆ ಕೂತರು. ಅನಘಳಿಗೆ ಅವರನ್ನು ಕಂಡು ಸಂತೋಷವೇ ಆಯಿತು. ವಯಸ್ಸಾದ ಹೆಂಗಸರ ಮುಂದೆ ಹಳ್ಳಿಯವರು ಮನಸ್ಸು ಬಿಚ್ಚುತ್ತಾರೆ ಅಂದಳು. ನಿಜವಾದ ತರಬೇತಿ ಶುರುವಾದದ್ದು ಡೊಂಬಿವಲಿಯಲ್ಲಿ, ಅಕ್ಕನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ.

ಸಂದರ್ಶನದ ನಡುನಡುವೆ ಟ್ಯಾಬ್ಲೆಟ್ ತಾನಾಗಿ ಮಾತು ಮುದ್ರಿಸಿಕೊಳ್ಳುತ್ತದೆ, ಯಾವ ಪ್ರಶ್ನೆಯ ಹೊತ್ತಿಗೆ ಎಂದು ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ಸಂದರ್ಶನವನ್ನೂ ನಾಟಕದ ಹಾಗೆ ಆಡಲೇಬೇಕು: ಒಬ್ಬಳು ಕೇಳುವವಳು, ಇನ್ನೊಬ್ಬಳು ಹಳ್ಳಿಯವಳು. ಅವವೇ ದನಿ ಮತ್ತೆ ಮತ್ತೆ ಬರಬಾರದೆಂದು ಭಜನಾ ಮಂಡಳಿಯ ಉಳಿದ ಹೆಂಗಸರನ್ನೂ ಸರದಿಯಲ್ಲಿ ಕರೆಸಿದ. ಬಡವರಿಗೆ ಸಹಾಯವಾಗುವ ತಾಲೀಮು ಎಂದು ಅವರಿಗೆ ಹೇಳಿದ್ದಾಯಿತು. ಹೆಸರುಗಳು ಮಾತ್ರ ಬೆಟ್ಟದಲ್ಲಿ ನಿಜವಾಗಿ ಬದುಕಿರುವ ಹೆಂಗಸರವು.

ಪ್ರೇಮನಾಥ ಗಟ್ಟಿ ಮೇಷ್ಟ್ರು. ಮೊದಲ ದಿನವೇ ಒಬ್ಬಳು ಸಾರಿಗೆ ತೆಂಗಿನಕಾಯಿ ಅರೆದಳು. “ಅಲ್ಲಿ ತೆಂಗು ಎಲ್ಲಿಂದ ಬರಬೇಕು ಮಾರಾಯ್ತಿ?” ಎಂದು ಗದರಿದ. ಇನ್ನೊಬ್ಬಳು ಕುಚ್ಚಲಕ್ಕಿ ಗಂಜಿ ಕುಡಿದಳು. ಜಲಜಾಕ್ಷಿಯಂತೂ ಬೆಟ್ಟದ ತುದಿಯಲ್ಲಿ ಬಂಗುಡೆ ಹುರಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನಿಗೂ ನಗು ಬಂತು. ಆಮೇಲೆ ಒಂದೊಂದನ್ನೇ ತಿದ್ದಿದ. ಅಲ್ಲಿ ತಿನ್ನುವುದು ರಾಗಿ ರೊಟ್ಟಿ, ಒಣಮೀನು ಬಂದರೆ ಹಬ್ಬ. ಮಳೆ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಇಟ್ಟಿಗೆ ಭಟ್ಟಿಗೆ ಹೋಗುತ್ತಾರೆ. ಆಡು ಕಾಯಿಲೆ ಬಿದ್ದರೆ ವೈದ್ಯರು ಬರುವ ಮೊದಲು ಸಾಯುತ್ತದೆ. ಕರಾವಳಿಯ ಒಂದು ಹನಿಯೂ ಉಳಿಯದ ಹಾಗೆ ಅವರನ್ನು ಒಗೆದು ಹಿಂಡಿದ. ಕೊನೆಗೆ ಬರುವ ಪ್ರಶ್ನೆಗಳು ಬೆಳೆಯದ್ದೂ ಅಲ್ಲ, ಆಡಿನ ಕಾಯಿಲೆಯದ್ದೂ ಅಲ್ಲ, ಬರೀ ಸಂಸಾರದ್ದು. ಅವಕ್ಕೆ ಪಾಠ ಯಾಕೆ, ಯಾವ ಹೆಂಗಸಾದರೂ ಹೇಳಿಯಾಳು ಎಂದು ಬಿಟ್ಟ.

ಟ್ಯಾಬ್ಲೆಟ್ ತಾನಿರುವ ಜಾಗವನ್ನೂ ಗುರುತು ಹಾಕಿಕೊಳ್ಳುತ್ತದೆ. ಅದಕ್ಕೂ ದಾರಿಯಿತ್ತು, ಆ ದಾರಿ ಕಡಿದಾಗಿತ್ತು ಅಷ್ಟೇ. ನಾಲ್ಕೂ ಟ್ಯಾಬ್ಲೆಟ್ ಚೀಲಕ್ಕೆ ಹಾಕಿ ತಾನೇ ಬೆಟ್ಟ ಹತ್ತಿದ. ಪ್ರತಿ ವಾಡಿಯಲ್ಲೂ ನಿಂತು ಒಬ್ಬೊಬ್ಬ ಹೆಂಗಸಿನ ಹೆಸರಿಗೂ ಪ್ರಶ್ನೆಯ ಹಾಳೆ ತೆರೆದ, ಜಾಗದ ಗುರುತು ಬೀಳಿಸಿದ, ಉಳಿದದ್ದನ್ನು ಡೊಂಬಿವಲಿಗೆ ಬಿಟ್ಟು ಮುಂದೆ ನಡೆದ. ಸುಳ್ಳು ಹೇಳುವುದಕ್ಕೆ ಇಷ್ಟೊಂದು ನಡೆಯಬೇಕೆಂದು ಅವನ ಮೊಣಕಾಲಿಗೂ ಗೊತ್ತಿರಲಿಲ್ಲ.

ಮೇಲಿನ ವಾಡಿಗೆ ಎರಡನೇ ಸಲ ಹೋದಾಗ ಮುದುಕಿಯೊಬ್ಬಳು ಅವನು ಕುಂಟುವುದನ್ನು ನೋಡಿ ಜಗಲಿಯಲ್ಲಿ ಕೂರಿಸಿದಳು. ತಾಮ್ರದ ಚೊಂಬಿನಲ್ಲಿ ನೀರು ತಂದುಕೊಟ್ಟಳು. ದೂರದ ಹೊಂಡದಿಂದ ಹೊತ್ತು ತಂದ ನೀರೆಂದು ಅವನಿಗೆ ಗೊತ್ತು.

“ಈ ಸಲ ನನಗೂ ಒಂದು ಆಡು ಸಿಗುತ್ತದಾ ಮಗಾ? ಯಾರೋ ಬಂದು ಕೇಳುತ್ತಾರೆ ಅಂದಿದ್ದರು. ಯಾರೂ ಬರಲಿಲ್ಲ.”

“ಬರುತ್ತಾರೆ ಆಜಿ,” ಅಂದ. ಅವಳ ಹೆಸರಿನ ಸಂದರ್ಶನ ಹಿಂದಿನ ವಾರವೇ ಮುಗಿದಿತ್ತು. ಅವಳ ಪರವಾಗಿ ಮಾತಾಡಿದ್ದು ಅಕ್ಕ. ಇಳಿಯುವಾಗ ಎರಡು ಸಲ ಹಿಂತಿರುಗಿ ನೋಡಿದ. ಆ ರಾತ್ರಿ ಮಲಗುವಾಗ, ನಾಳೆಯೇ ಎಲ್ಲ ನಿಲ್ಲಿಸಿಬಿಡುವುದೆಂದುಕೊಂಡ. ಬೆಳಿಗ್ಗೆ ಅನುಷ್ಕಾಳ ಫೋಟೊ ಬಂತು. ಬಿಳಿ ಕೋಟು, ಕಿವಿಯವರೆಗೆ ನಗು. ಕೆಳಗೆ ‘ಥ್ಯಾಂಕ್ ಯೂ ಮಾಮ’ ಎಂದಿತ್ತು. ನಿಲ್ಲಿಸಲಿಲ್ಲ.

ಕಳಿಸುವ ಮೊದಲು ಒಂದೊಂದು ಧ್ವನಿಯನ್ನೂ ತಾನೇ ಕೇಳಿದ. ಕಲ್ಯಾಣ್ ಲೋಕಲ್‌ನ ನೂಕುನುಗ್ಗಲಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಠಾಣೆ ಬರುವವರೆಗೆ ಕೇಳುತ್ತಿದ್ದ. ಕುಕ್ಕರ್ ಸೀಟಿ ಕೇಳಿದ್ದನ್ನು ಮತ್ತೆ ಮಾಡಿಸಿದ. ಹಿನ್ನೆಲೆಯಲ್ಲಿ ಭಾವನ ಟಿವಿ ಅರಚಿದ್ದನ್ನೂ ಮತ್ತೆ ಮಾಡಿಸಿದ. ಕೊನೆಗೆ ಎಲ್ಲ ಎಷ್ಟು ಸಹಜವಾಗಿತ್ತೆಂದರೆ ಅವನಿಗೇ ಕೆಲವೊಮ್ಮೆ ಅದು ಅಕ್ಕ ಅನ್ನುವುದು ಮರೆಯುತ್ತಿತ್ತು. ಯಾವ ಉತ್ತರವೂ ಕಿವಿಗೆ ಚುಚ್ಚಲಿಲ್ಲ. ಒಟ್ಟಿಗೆ ಕಳಿಸಿದ, ಉಸಿರು ಬಿಟ್ಟ, ಅನುಷ್ಕಾಳ ಮೂರನೆಯ ಕಂತು ಕಟ್ಟಿದ.

ಕೆಲವು ದಿನ ಕಳೆದ ಮೇಲೆ ಅನಘ ಕೋಣೆಗೆ ಕರೆದಳು. ಅವಳ ಮುಖ ಅರಳಿತ್ತು.

“ಬೈಠಿಯೇ ಪ್ರೇಮಣ್ಣ. ದುಡ್ಡು ಕೊಡೋ ಡೋನರ್‌ನವರು ನಾಳೆ ಬೆಳಿಗ್ಗೆನೇ ಬರ್ತಿದ್ದಾರೆ. ಜೀಪ್ ಹೇಳಿದ್ದೇನೆ. ಮೇಲಿನ ವಾಡಿಗೆ ಹೋಗಿ ನಮ್ಮ ಸರ್ವೇಲಿ ಉತ್ತರ ಕೊಟ್ಟ ಹೆಂಗಸರ ಜೊತೆ ಮಾತಾಡ್ಬೇಕಂತೆ. ದಾರಿ ತೋರಿಸೋಕೆ ವನಿತಾ ಬರ್ತಾಳೆ, ನೀವೇ ವೇಟಿಂಗ್‌ನಲ್ಲಿ ಮೊದಲು ಬರೆದಿದ್ರಲ್ಲ, ಅವಳು.”

ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ಪ್ರೇಮನಾಥನ ಕೈ ಆಗಲೇ ಹೆಗಲಿಗೆ ಹೋಗಿತ್ತು. “ಎಂತಕ್ಕೆ? ಏನಾದರೂ ತಪ್ಪಾಗಿದೆಯಾ?” ಎಂದು ಕೇಳಿದ. ದನಿ ತನ್ನದಲ್ಲ ಅನ್ನಿಸಿತು.

“ತಪ್ಪಾ? ಅರೇ, ಇಷ್ಟು ವರ್ಷದಲ್ಲಿ ಯಾರಿಗೂ ಸಿಗದ್ದು ನಮಗೆ ಸಿಕ್ಕಿದೆ. ಸುನೋ ತೋ ಸಹೀ,” ಎಂದು ಅವಳು ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದಳು.

ಮರಾಠಿಯಲ್ಲಿ ಪ್ರಶ್ನೆ ಬಂತು: ಮನೆಯ ದೊಡ್ಡ ವಿಷಯಗಳನ್ನು ಯಾರು ತೀರ್ಮಾನಿಸುತ್ತಾರೆ? ಅಕ್ಕನ ದನಿ ಒಂದಿಷ್ಟೂ ಯೋಚಿಸದೆ, ನನ್ನ ತಮ್ಮ, ಅಂದಿತು. ನಿಮ್ಮ ನಂತರ ಆಡು ಯಾರಿಗೆ? ಮಗಳಿಗೆ, ಮತ್ಯಾರಿಗೆ? ಅನಘ ಮುಂದಿನದನ್ನು ಒತ್ತಿದಳು, ಅದರ ಮುಂದಿನದನ್ನೂ. ನನ್ನ ಅಣ್ಣ; ನನ್ನ ಸೋದರಮಾವ; ಮಗಳಿಗೆ, ಮಗಳಿಗೆ. ಪ್ರೇಮನಾಥ ಇವನ್ನೆಲ್ಲ ಲೋಕಲ್‌ನಲ್ಲಿ ನಿಂತು ಕೇಳಿದ್ದ, ತಲೆಯಾಡಿಸಿದ್ದ. ಬೇರೆ ಉತ್ತರವಿರಬಹುದೆಂದು ಹೊಳೆದೇ ಇರಲಿಲ್ಲ. “ಆ ಬೆಟ್ಟದಲ್ಲಿ ಯಾವ ಸರ್ವೇಲೂ ಹೀಗೆ ಬಂದಿಲ್ಲ ಪ್ರೇಮಣ್ಣ. ಗಂಡ, ಮಾವ, ಮಗ, ಇಷ್ಟೇ ಹೇಳೋದು ಅವರು. ನಿನ್ನೆ ಅಜ್ಜನಿಗೆ ಹೇಳಿದೆ. ಅಜ್ಜ ನಕ್ಕುಬಿಟ್ರು. ಮುರ್ಬಾಡಲ್ಲಿ ಎಲ್ಲಿಂದ ಬಂತು ಮಗಾ, ಇದು ನಮ್ಮ ಊರಿನ ತುಳುವರ ಮನೆಯ ಅಳಿಯಸಂತಾನದ ಕ್ರಮ ಅಲ್ವಾ, ಅಂದ್ರು.” ಅವಳಿನ್ನೂ ನಗುತ್ತಲೇ ಇದ್ದಳು. “ನಿಮ್ಮ ಮನೇಲೂ ಹಾಗೇನಾ?” ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನ್ ಗುನುಗಿತು. ತೆರೆಯ ಮೇಲೆ ‘ಜಲಜಕ್ಕ’ ಎಂದಿತ್ತು. ತರಬೇತಿಯ ಪಟ್ಟಿಯಲ್ಲಿ ಜಲಜಾಕ್ಷಿ ಎಂದು ತಾನೇ ಓದಿದ್ದ ಅನಘಳ ಕಣ್ಣು ಆ ಹೆಸರಿನ ಮೇಲೆ ಬಿತ್ತು, ನಗು ನಿಧಾನವಾಗಿ ಇಳಿಯಿತು. ಅನುಷ್ಕಾಳನ್ನು ಹಾಸ್ಟೆಲ್ಲಿಗೆ ಸೇರಿಸುವುದೋ, ಮುಂದೆಯೂ ಡೊಂಬಿವಲಿಯಿಂದಲೇ ಕಳಿಸುವುದೋ ಇವತ್ತು ಹೇಳಬೇಕಿತ್ತು. ಭಾವ ಮನೆಯಲ್ಲೇ ಇದ್ದರು, ಟಿವಿ ಎದುರು. ಅಕ್ಕ ಕೇಳುತ್ತಿದ್ದದ್ದು ತಮ್ಮನನ್ನು.